ಬಾಗಿಲಾಚೆಯಿಂದ ಹಾಕಿದ ಸಹಿ

ಜನವರಿ 12

ಡಾಕ್ಟರಮ್ಮನವರಿಗೆ,

ಶವಾಗಾರದ ಮೇಸ್ತ್ರಿ ಮಾಡುವ ನಮಸ್ಕಾರ. ನೀವು ದೊಡ್ಡ ಊರಿಗೆ ಹೋಗಿ, ವೈದ್ಯಕೀಯ ಕಾಲೇಜಿನ ದೊಡ್ಡ ಕುರ್ಚಿಯಲ್ಲಿ ಕುಳಿತು ಎರಡು ತಿಂಗಳಾಯಿತು. ಫೋನ್ ಮಾಡೋಣವೆಂದು ಎರಡು ಸಲ ಆಸ್ಪತ್ರೆಯ ಕೌಂಟರಿಗೆ ಹೋದೆ. ಅಲ್ಲಿ ಯಾವಾಗಲೂ ನಾಲ್ಕು ಜನ ಕಿವಿ ನಿಮಿರಿಸಿಕೊಂಡು ನಿಂತಿರುತ್ತಾರೆ. ಸಾಲದ್ದಕ್ಕೆ ನೀವು ‘ಹಲೋ’ ಎಂದ ಕೂಡಲೇ ನನಗೆ ಬಾಯಿ ಕಟ್ಟುತ್ತದೆ. ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆಯಲ್ಲ, ಅದರ ತುಕ್ಕು ಬಿಡಿಸೋಣ ಎಂದು ಕೂತೆ.

ನಿಮ್ಮ ಜಾಗಕ್ಕೆ ಬಂದ ಹೊಸ ಡಾಕ್ಟರು ಇನ್ನೂ ಚಿಕ್ಕವರು. ಕೆಳಗೆ ಇಳಿಯುವುದೇ ಇಲ್ಲ. ಮಹಡಿಯ ಮೇಲೆ ಕೂತು ಜವಾನನ ಕೈಲಿ ‘ಏನಂತೆ?’ ಎಂದು ಕೇಳಿಸುತ್ತಾರೆ. ನಾನು ಕತ್ತರಿಸಿ, ನೋಡಿ, ಹೇಳಿ ಕಳಿಸಬೇಕು. ನಾನು ಹೇಳಿದ್ದು ಲಿವರು, ಮೇಲೆ ತಲುಪುವಷ್ಟರಲ್ಲಿ ಕಿಡ್ನಿಯಾಗಿರುತ್ತದೆ. ಇಲ್ಲಿಯವರೆಗೆ ನಮ್ಮ ಗಿರಾಕಿಗಳು ಯಾರೂ ದೂರು ಕೊಟ್ಟಿಲ್ಲ ಬಿಡಿ.

ಬಾಗಿಲ ಬಳಿ ನೀವು ಹಾಕಿಸಿದ್ದ ಮೇಜು ಇನ್ನೂ ಇದೆ. ಎರಡು ಕುರ್ಚಿಗಳಲ್ಲಿ ನಿಮ್ಮದನ್ನು ಮೇಲಕ್ಕೆ ಒಯ್ದರು, ನನ್ನದನ್ನು ಎಕ್ಸ್‌ರೇ ಕೋಣೆಯವರು ಎತ್ತಿಕೊಂಡು ಹೋದರು. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಡಾಕ್ಟರ ಎದುರು ಕುರ್ಚಿಯಲ್ಲಿ ಕೂತದ್ದು ನಿಮ್ಮ ಒಂಬತ್ತು ವರ್ಷ ಮಾತ್ರ. ಬೇರೆಯವರಿಗೆ ನಾನು ‘ಏಯ್’, ಇಲ್ಲವೇ ‘ಹೆಣದವನು’. ನೀವು ಬಂದ ದಿನವೇ ‘ಮೇಸ್ತ್ರಿ’ ಅಂದಿರಿ. ‘ನಿಮಗೇನನ್ಸುತ್ತೆ ಮೇಸ್ತ್ರಿ?’ ಎಂದು ಕೇಳಿ, ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಿರಿ. ‘ನಿಮ್ಮನ್ನ ತಲೆ ಮೇಲೆ ಕೂರಿಸ್ಕೊಂಡು ಆ ಡಾಕ್ಟರಮ್ಮನೇ ಕೆಡಿಸಿದ್ದು’ ಎಂದು ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಒಂದು ವಿಷಯ. ಎರಡು ವರ್ಷದ ಹಿಂದೆ ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳ ದೇಹ ಬಂದಿತ್ತು, ನೆನಪಿದೆಯಾ? ಏಣಿಯಿಂದ ಬಿದ್ದಳು ಎಂದು ಗಂಡ ಹೇಳಿದ್ದ. ಕತ್ತಿನ ಮುಂದಿನ ಸಣ್ಣ ಮೂಳೆ ಮುರಿದಿದೆ, ಯಾರೋ ಹಿಸುಕಿದ್ದಾರೆ ಎಂದು ನಮ್ಮ ವರದಿ ಹೇಳಿತ್ತು. ಗಂಡ ಬೀಗ ರಿಪೇರಿಯವನು. ಜೀವಾವಧಿ ಶಿಕ್ಷೆಯಲ್ಲಿ ಇಲ್ಲಿನ ಜೈಲಿನಲ್ಲೇ ಇದ್ದಾನೆ. ಅವನ ಮೇಲ್ಮನವಿ ಜೂನ್ ಹದಿನೆಂಟಕ್ಕೆ ಬರುತ್ತದಂತೆ. ಅದರ ಬಗ್ಗೆ ಒಂದು ಮಾತು ಹೇಳುವುದಿದೆ. ಕಾಗದದಲ್ಲಿ ಬೇಡ. ನೀವು ಈ ಕಡೆ ಯಾವಾಗ ಬರುತ್ತೀರಿ?

ನಿಮ್ಮ ಮೇಸ್ತ್ರಿ

*

ಜನವರಿ 25

ಮೇಸ್ತ್ರಿಗಳೇ,

ನಿಮ್ಮ ಕಾಗದವನ್ನು ಮೀಟಿಂಗಿನ ಮಧ್ಯೆಯೇ ಒಡೆದು ಓದಿದೆ. ಲಿವರು ಕಿಡ್ನಿಯಾದದ್ದಕ್ಕೆ ನಗು ಬಂದು, ಪ್ರಾಂಶುಪಾಲರು ನನ್ನನ್ನು ಗುರಾಯಿಸಿದರು. ಇಲ್ಲಿ ನನಗೆ ನೆಲಹಾಸು ಹಾಸಿದ ಕೋಣೆ ಕೊಟ್ಟಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಫೈಲು. ಸತ್ತವರ ಜೊತೆ ಕೆಲಸ ಮಾಡುವುದೇ ವಾಸಿ, ಅವರು ಒಬ್ಬರ ಮೇಲೊಬ್ಬರು ಚಾಡಿ ಹೇಳುವುದಿಲ್ಲ.

ಮೊದಲ ವರ್ಷದ ಮಕ್ಕಳಿಗೆ ಮೊದಲ ಪಾಠದಲ್ಲೇ ನಿಮ್ಮ ವಿಷಯ ಹೇಳಿದೆ. ಕೆಳಗಿನ ಕೆಲಸದವರು ಎಂದು ಯಾರನ್ನೂ ಕಡೆಗಣಿಸಬೇಡಿ, ನನಗೆ ಕಲಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಒಬ್ಬ ಮೇಸ್ತ್ರಿ ಎಂದೆ. ಆ ಇಸ್ತ್ರಿಯವಳ ಕೇಸನ್ನೇ ಉದಾಹರಣೆ ಕೊಟ್ಟೆ. ಲಾಳದ ಆಕಾರದ ಎಷ್ಟು ಸಣ್ಣ ಮೂಳೆ ಅದು, ನಿಮ್ಮ ಕೈಗಲ್ಲದೆ ಬೇರೆ ಯಾರ ಕೈಗೆ ಸಿಗುತ್ತಿತ್ತು? ನೀವು ಇರದಿದ್ದರೆ ಒಬ್ಬ ಕೊಲೆಗಾರ ಇವತ್ತು ಬೀದಿಯಲ್ಲಿ ಆರಾಮಾಗಿ ಬೀಗ ರಿಪೇರಿ ಮಾಡಿಕೊಂಡಿರುತ್ತಿದ್ದ.

ಮೇಲ್ಮನವಿ ಎಂದರೆ ಹೆದರಬೇಡಿ. ನಿಮ್ಮನ್ನು ಯಾರೂ ಕರೆಸುವುದಿಲ್ಲ. ಸಹಿ ನನ್ನದು, ಉತ್ತರ ಹೇಳುವ ಜವಾಬ್ದಾರಿಯೂ ನನ್ನದೇ. ಬೇಸಿಗೆ ಮುಗಿಯುವ ತನಕ ನಾನು ಆ ಕಡೆ ಬರುವುದು ಕಷ್ಟ. ಕುರ್ಚಿಯ ವಿಷಯ ಆಸ್ಪತ್ರೆಯ ಅಧೀಕ್ಷಕರಿಗೆ ಒಂದು ಸಾಲು ಬರೆಯಲೇ?

ಮನೆಯಲ್ಲಿ ಕೇಳಿದೆನೆಂದು ತಿಳಿಸಿ. ನಿಮ್ಮನ್ನು ಕೆಡಿಸಿದ್ದು ನಾನೇ ಎಂದು ಒಪ್ಪಿಕೊಂಡಿದ್ದೇನೆ.

ಡಾಕ್ಟರು

*

ಫೆಬ್ರವರಿ 20

ಡಾಕ್ಟರಮ್ಮನವರಿಗೆ,

ಕುರ್ಚಿಯ ವಿಷಯ ಬರೆಯಬೇಡಿ. ಮಕ್ಕಳಿಗೆ ನನ್ನ ವಿಷಯವನ್ನೂ ಇನ್ನು ಹೇಳಬೇಡಿ. ಇದು ಮೂರನೇ ಸಲ ಬರೆಯುತ್ತಿರುವುದು, ಎರಡು ಹರಿದು ಹಾಕಿದೆ. ನೀವು ಬರುವುದಿಲ್ಲ ಎಂದಮೇಲೆ ಕಾಗದದಲ್ಲೇ ಹೇಳಬೇಕಾಗಿದೆ.

ಆ ಮೂಳೆಯನ್ನು ಮುರಿದದ್ದು ನಾನು.

ಆ ವರ್ಷ ಚಳಿಗಾಲದಿಂದ ನನ್ನ ಬಲಗೈಯ ಎರಡು ಬೆರಳು ಜೋಮು ಹಿಡಿಯುತ್ತಿದ್ದವು. ಚಾಕು ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಆವತ್ತು ದವಡೆಯ ಅಡಿಯಿಂದ ಚಾಕು ತೂರಿಸಿ, ನಾಲಿಗೆ ಮತ್ತು ಗಂಟಲಿನ ಕೊಳವೆಯನ್ನು ಒಟ್ಟಿಗೆ ಎಳೆಯುವಾಗ ಕೈ ಜಾರಿತು, ಜೋರಾಗಿ ಎಳೆದುಬಿಟ್ಟೆ. ಸದ್ದು ನನಗೆ ಕೇಳಿಸಿತು. ಕೈಯಲ್ಲಿ ಹಿಡಿದು ನೋಡಿದರೆ ಮೂಳೆ ಎರಡಾಗಿದೆ. ಸುತ್ತಲಿನ ಮಾಂಸ ಬಿಳಿಚಿಕೊಂಡಿತ್ತು, ಒಂದು ಹನಿ ರಕ್ತ ಇಲ್ಲ. ಬದುಕಿದ್ದಾಗ ಮುರಿದ ಮೂಳೆಯ ಸುತ್ತ ರಕ್ತ ಇಳಿದಿರುತ್ತದೆ, ಸತ್ತಮೇಲೆ ಮುರಿದರೆ ಇರುವುದಿಲ್ಲ. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಅಷ್ಟು ಹೊತ್ತಿಗೆ ಬಾಗಿಲ ಬಳಿಯ ಮೇಜಿನಿಂದ ನೀವು ಕೇಳಿದಿರಿ, ‘ಕತ್ತಿನ ಮೂಳೆ ಹೇಗಿದೆ ಮೇಸ್ತ್ರಿ?’

‘ಮುರಿದಿದೆ ಡಾಕ್ಟರಮ್ಮ’ ಅಂದೆ.

ನನ್ನ ಕೈಯಿಂದ ಮುರೀತು ಎನ್ನಬೇಕಿತ್ತು. ಬಾಯಿಯ ತನಕ ಬಂತು. ಆದರೆ ಈ ಆಸ್ಪತ್ರೆಯಲ್ಲಿ ನನ್ನ ಕೈಗೆ ಬೆಲೆ ಕೊಟ್ಟವರು ನೀವೊಬ್ಬರೇ. ಆ ಕೈ ಕೆಟ್ಟಿದೆ ಎಂದರೆ ನನ್ನನ್ನು ಏನೆಂದು ಕರೆಯುತ್ತೀರೋ ಎಂಬ ಭಯವಾಯಿತು. ನೀವು ಒಳಗೆ ಬಂದು ನೋಡಿದರೆ ಅಲ್ಲೇ ಹೇಳಿಬಿಡುತ್ತೇನೆ ಅಂದುಕೊಂಡೆ. ನೀವು ಬರಲಿಲ್ಲ. ‘ನೀವು ಹೇಳಿದ್ಮೇಲೆ ನಾನೇನು ನೋಡೋದು’ ಎಂದು ಬರೆದುಕೊಂಡಿರಿ. ಆವತ್ತು ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

ಆಮೇಲೆ ಕೇಸು, ಶಿಕ್ಷೆ ಎಲ್ಲ ಆಯಿತು. ಅವನು ಕೊಂದಿರಲೂಬಹುದು, ಮನೆಯಲ್ಲಿ ಜಗಳ ಇತ್ತಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ವರ್ಷ ಹಾಗೆ ತಳ್ಳಿದೆ.

ಡಿಸೆಂಬರಿನಲ್ಲಿ ಒಂದು ದಿನ ಚಾಕುಗಳ ಬೀರುವಿನ ಬೀಗ ತೆರೆಯದೆ ಕೂತುಬಿಟ್ಟಿತ್ತು. ಪಕ್ಕದ ಎಕ್ಸ್‌ರೇ ಕೋಣೆಯ ಮುಂದೆ ಜೈಲಿನಿಂದ ಕರೆತಂದಿದ್ದ ಒಬ್ಬ ಕೆಮ್ಮುತ್ತಾ ಕೂತಿದ್ದ. ನನ್ನ ಒದ್ದಾಟ ನೋಡಿ ಪೊಲೀಸಿನವನು, ನಮ್ಮ ಹತ್ರ ಬೀಗದವನೇ ಇದಾನಲ್ಲ ಎಂದು ನಕ್ಕು ಅವನನ್ನು ಒಳಗೆ ಬಿಟ್ಟ. ಬೇಡಿ ಹಾಕಿದ ಕೈಯಲ್ಲೇ ಒಂದು ತಂತಿ ತೂರಿಸಿ ಎರಡು ನಿಮಿಷದಲ್ಲಿ ತೆಗೆದ. ದೇಹ ಮಲಗಿಸುವ ಕಲ್ಲಿನ ಮೇಜು ನೋಡಿದ. ಅವಳು ಇಲ್ಲಿಗೇ ಬಂದಿದ್ದಳಾ ಎಂದು ಕೇಳಿದ. ನನಗೆ ಆಗ ಗುರುತು ಸಿಕ್ಕಿತು. ಹೌದು ಎಂದೆ.

‘ನಾನು ಬಯ್ದಿದ್ದೆ ಅಣ್ಣ, ಸುಳ್ಳು ಹೇಳಲ್ಲ. ಅವಳ ಕತ್ತು ಮಾತ್ರ ಮುಟ್ಟಿಲ್ಲ’ ಅಂದ.

ನನಗೆ ಗೊತ್ತು ಎನ್ನಬೇಕಿತ್ತು, ಆವತ್ತೂ ಅನ್ನಲಿಲ್ಲ. ಡಾಕ್ಟರಮ್ಮ, ನನ್ನ ತಪ್ಪು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ನೀವು ಒಂದು ಮಾತು ‘ಹೌದು’ ಎಂದರೆ ಸಾಕು. ಅವನು ಹೊರಗೆ ಬರುತ್ತಾನೆ.

ಮೇಸ್ತ್ರಿ

*

ಏಪ್ರಿಲ್ 2

ಶವಾಗಾರದ ನೌಕರರಿಗೆ,

ನಿಮ್ಮ ಫೆಬ್ರವರಿ 20ರ ಪತ್ರ ತಲುಪಿದೆ. ಆಸ್ಪತ್ರೆಯ ನಿಯಮದಂತೆ ಶವಪರೀಕ್ಷೆಯಲ್ಲಿ ದೇಹವನ್ನು ತೆರೆಯುವುದು ವೈದ್ಯರ ಕೆಲಸ. ದೇಹವನ್ನು ಎತ್ತುವುದು, ತೊಳೆಯುವುದು ಮತ್ತು ಕೊನೆಯಲ್ಲಿ ಹೊಲಿಯುವುದು ಮಾತ್ರ ನೌಕರರ ಕೆಲಸ. ಸದರಿ ಪರೀಕ್ಷೆಯನ್ನು ವೈದ್ಯರೇ ನಡೆಸಿದರೆಂದು ದಾಖಲೆಯಲ್ಲಿದೆ. ನಿಮ್ಮ ಪತ್ರದ ವಿವರಗಳು ದಾಖಲೆಗೆ ಹೊಂದುವುದಿಲ್ಲ. ಈ ವಿಷಯದಲ್ಲಿ ನ್ಯಾಯಾಲಯಕ್ಕಾಗಲಿ ಬೇರೆಯವರಿಗಾಗಲಿ ಬರೆಯುವುದು ನಿಮ್ಮ ಹಿತಕ್ಕೆ ಒಳ್ಳೆಯದಲ್ಲ.

ವಿಭಾಗದ ಮುಖ್ಯಸ್ಥರು

(ಟೈಪು ಮಾಡಿದ್ದರ ಕೆಳಗೆ, ಕೈಬರಹದಲ್ಲಿ:)

ನಿವೃತ್ತಿಗೆ ಇನ್ನು ಎರಡೇ ವರ್ಷ ಇದೆ ನಿಮಗೆ. ದಯವಿಟ್ಟು ಯಾರ ಮುಂದೆಯೂ ಬಾಯಿ ಬಿಡಬೇಡಿ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

*

ಏಪ್ರಿಲ್ 17

ವಿಭಾಗದ ಮುಖ್ಯಸ್ಥರಿಗೆ,

ನಲವತ್ತು ದಿನ ಕಾದಿದ್ದಕ್ಕೆ ಟೈಪು ಮಾಡಿದ ಕಾಗದ ಬಂತು. ನನ್ನ ಒಳ್ಳೆಯದನ್ನು ನೀವು ನೋಡಿಕೊಂಡಿದ್ದು ಸಾಕು.

ಬಾಯಿ ಬಿಡಬೇಡಿ ಎಂದಿರಿ, ನಾನು ಬಿಟ್ಟಾಯಿತು. ಬೀಗದವನ ವಕೀಲರ ಹತ್ತಿರ ಹೋಗಿದ್ದೆ. ಅವರು ಕೂರಿ ಎಂದರು, ಎಲ್ಲ ಕೇಳಿದರು, ಶವಪರೀಕ್ಷೆಯ ದಾಖಲೆ ಪುಸ್ತಕದ ಪ್ರತಿ ತೆಗೆದು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, ‘ಈ ಪುಸ್ತಕದ ಪ್ರಕಾರ ನೀವು ಚಾಕು ಹಿಡಿದೇ ಇಲ್ಲವಲ್ಲ’ ಅಂದರು. ಇಪ್ಪತ್ತಾರು ವರ್ಷದಲ್ಲಿ ನಾನು ಕತ್ತರಿಸಿದ ದೇಹಗಳನ್ನು ಸಾಲಾಗಿ ಮಲಗಿಸಿದರೆ ಈ ಬೀದಿ ಸಾಲದು. ದಾಖಲೆಯ ಪ್ರಕಾರ ಒಂದರಲ್ಲೂ ನನ್ನ ಕೈ ಇಲ್ಲ. ಹಿಡಿಯದ ಚಾಕುವಿನಿಂದ ಮೂಳೆ ಮುರಿದೆ ಎಂದು ನಾನು ಕೂಗಿಕೊಂಡರೆ ಯಾವ ಜಡ್ಜು ನಂಬುತ್ತಾರೆ? ಡಾಕ್ಟರು ಹೇಳಿದರೆ ಮಾತ್ರ ಆಗುತ್ತದೆ ಎಂದರು.

ಅವರು ನಿಮ್ಮ ವರದಿಯನ್ನೂ ಓದಿ ಹೇಳಿದರು. ನಾನು ಅದನ್ನು ಯಾವತ್ತೂ ಓದಿರಲಿಲ್ಲ, ನೀವು ಬರೆದ ಮೇಲೆ ನಾನೇನು ನೋಡುವುದು ಎಂದು ಬಿಟ್ಟಿದ್ದೆ. ಅದರಲ್ಲಿ, ಮುರಿದ ಮೂಳೆಯ ಸುತ್ತ ರಕ್ತ ಹೆಪ್ಪುಗಟ್ಟಿತ್ತು ಎಂದು ಬರೆದಿದೆ. ಆ ಸಾಲಿನ ಮೇಲೇ ಅವನಿಗೆ ಜೀವಾವಧಿ ಆಗಿದ್ದಂತೆ. ಡಾಕ್ಟರಮ್ಮ, ಅದನ್ನು ನಾನು ಹೇಳಿರಲಿಲ್ಲ. ಮುರಿದಿದೆ ಅಂದೆ, ಅಷ್ಟೇ. ನೀವು ಒಳಗೆ ಬರಲಿಲ್ಲ, ನೋಡಲಿಲ್ಲ. ಆ ರಕ್ತ ಎಲ್ಲಿಂದ ಬಂತು?

ಆಗಿನಿಂದ ನನಗೆ ನಿದ್ದೆಯಿಲ್ಲ. ನಾನೊಬ್ಬನೇ ಸುಳ್ಳ ಎಂದು ಇಷ್ಟು ದಿನ ಬೆಂದೆನಲ್ಲ.

ನೀವು ನನಗೆ ಕೊಟ್ಟ ಮರ್ಯಾದೆ ಎಂಥದ್ದು ಎಂದು ಈಗ ಯೋಚಿಸುತ್ತಿದ್ದೇನೆ. ಮೇಸ್ತ್ರಿ ಎಂದಿರಿ, ಕೂರಿಸಿದಿರಿ, ಕೇಳಿದಿರಿ. ಆದರೆ ನನ್ನ ಕೆಲಸ ತಪ್ಪಿದೆಯೇ ಎಂದು ಒಂದು ಸಲ ಕೈ ಹಾಕಿ ನೋಡಿದ್ದರೆ ಅದೇ ದೊಡ್ಡ ಮರ್ಯಾದೆಯಾಗುತ್ತಿತ್ತು. ನಿಮ್ಮ ಜೊತೆಯ ಡಾಕ್ಟರ ಕೆಲಸವನ್ನಾದರೆ ನೋಡುತ್ತಿರಲಿಲ್ಲವಾ, ತಪ್ಪು ಹಿಡಿದು ಜಗಳ ಆಡುತ್ತಿರಲಿಲ್ಲವಾ? ನನ್ನ ಜೊತೆ ಜಗಳ ಆಡುವಷ್ಟು ನಾನು ನಿಮಗೆ ಸಮ ಇರಲಿಲ್ಲ. ನಾನೇನು ಕಮ್ಮಿಯೇ? ಒಂದು ‘ನೀವು’ ಕಳೆದುಹೋದೀತು ಎಂದು ಒಬ್ಬನನ್ನು ಜೈಲಿಗೆ ಕಳಿಸಿದೆ.

ವಕೀಲರ ಹತ್ತಿರ ಹೋದದ್ದು ಅಧೀಕ್ಷಕರಿಗೆ ಗೊತ್ತಾಗಿ, ಈಗ ನನ್ನನ್ನು ಬಾಟಲಿ ತೊಳೆಯಲು ಹಾಕಿದ್ದಾರೆ. ದೇಹ ಬಂದಾಗ ಮಾತ್ರ ಕರೆಯುತ್ತಾರೆ, ಬೇರೆ ಯಾರು ಮುಟ್ಟುತ್ತಾರೆ? ಬೀಗದವನನ್ನು ಮತ್ತೆ ಎಕ್ಸ್‌ರೇಗೆ ತಂದಿದ್ದರು. ಗೋಡೆ ಹಿಡಿದು ನಡೆಯುತ್ತಿದ್ದ. ನೀವು ಬರುವುದಾದರೆ ಬೇಗ ಬನ್ನಿ.

ಶವಾಗಾರದ ನೌಕರ

*

ಮೇ 29

ಮೇಸ್ತ್ರಿಗಳೇ,

ಹೀಗೆ ಕರೆಯಲು ನನಗೆ ಇನ್ನು ಅರ್ಹತೆ ಇದೆಯೋ ಇಲ್ಲವೋ, ಬೇರೆ ಹೆಸರಿನಿಂದ ನಿಮ್ಮನ್ನು ಕರೆದು ಗೊತ್ತಿಲ್ಲ.

ಆ ರಕ್ತ ಎಲ್ಲಿಂದ ಬಂತು ಎಂದು ಕೇಳಿದಿರಿ. ನನ್ನ ಪೆನ್ನಿನಿಂದ ಬಂತು. ಮೂಳೆ ಮುರಿದಿದೆ ಎಂದರೆ ರಕ್ತ ಇದ್ದೇ ಇರಬೇಕು, ಹೇಳಲು ಮರೆತಿದ್ದೀರಿ ಎಂದುಕೊಂಡೆ. ಎದ್ದು ನಾಲ್ಕು ಹೆಜ್ಜೆ ಇಟ್ಟು ನೋಡಬಹುದಿತ್ತು. ಆ ನಾಲ್ಕು ಹೆಜ್ಜೆಯನ್ನು ಒಂಬತ್ತು ವರ್ಷದಲ್ಲಿ ನಾನು ಒಮ್ಮೆಯೂ ಇಟ್ಟಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ. ನಿಮ್ಮಲ್ಲಿಗೆ ಬರುವ ಮುಂಚೆ, ಮೊದಲ ಕೆಲಸದಲ್ಲಿ, ನೀರಿನಲ್ಲಿ ಬಿದ್ದು ಎಂಟು ದಿನವಾದ ದೇಹವೊಂದನ್ನು ತೆರೆದೆ. ಎಲ್ಲರ ಮುಂದೆ ಅದರ ಮೇಲೆಯೇ ವಾಂತಿ ಮಾಡಿ ಕುಸಿದುಬಿದ್ದೆ. ಆಮೇಲೆ ಆ ಕಲ್ಲಿನ ಮೇಜು ಕಂಡರೆ ಕಾಲು ಮುಂದೆ ಹೋಗುತ್ತಿರಲಿಲ್ಲ. ಡಾಕ್ಟರಾಗಿ ಇದನ್ನು ಹೇಳಿಕೊಂಡರೆ ಕೆಲಸ ಉಳಿಯುತ್ತದೆಯೇ? ನಿಮ್ಮ ಕೈ ನೋಡಿದೆ. ಬಾಗಿಲ ಬಳಿ ಮೇಜು ಹಾಕಿಸಿದೆ. ನಿಮ್ಮ ಮೇಲಿನ ಗೌರವ ಸುಳ್ಳಲ್ಲ, ಅದನ್ನು ನಂಬಿ. ಆದರೆ ನನ್ನ ಹೇಡಿತನಕ್ಕೆ ಅದನ್ನೇ ಹೊದಿಕೆ ಮಾಡಿಕೊಂಡೆ. ಆ ಹೊದಿಕೆಯನ್ನೇ ತೋರಿಸಿ ಮಕ್ಕಳಿಗೆ ಪಾಠವನ್ನೂ ಹೇಳಿದೆ. ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತಿದೆ.

ಏಪ್ರಿಲ್‌ನಲ್ಲಿ ಟೈಪು ಮಾಡಿಸಿದ ಕಾಗದವನ್ನು ನನ್ನ ಗುಮಾಸ್ತ ಓದಿ ‘ಚೆನ್ನಾಗಿ ಮುಚ್ಚಿದ್ದೀರಿ ಮೇಡಂ’ ಎಂದ. ಅವನಿಗೆ ಅದು ಹೊಗಳಿಕೆ. ಆವತ್ತಿನಿಂದ ದಿನವೂ ನಿಮಗೆ ಬರೆಯಲು ಕೂತು, ದಿನವೂ ಎದ್ದೆ. ನಿಮ್ಮ ಕಾಗದ ಮೇಜಿನ ಡ್ರಾಯರಿನಲ್ಲಿತ್ತು. ಒಂದು ತಿಂಗಳಿಗೂ ಹೆಚ್ಚು ನಾನು ಆ ಡ್ರಾಯರನ್ನೇ ಎಳೆಯಲಿಲ್ಲ.

ಇವತ್ತು ನ್ಯಾಯಾಲಯಕ್ಕೂ ವಕೀಲರಿಗೂ ಬರೆದೆ. ದೇಹವನ್ನು ತೆರೆದದ್ದು ನೀವು, ನಾನು ನೋಡದೆ ಸಹಿ ಮಾಡಿದೆ, ರಕ್ತದ ಸಾಲು ನನ್ನ ಕಲ್ಪನೆ ಎಂದು ಬರೆದಿದ್ದೇನೆ. ಹದಿನೆಂಟಕ್ಕೆ ಬಂದು ಬಾಯಲ್ಲೂ ಹೇಳುತ್ತೇನೆ. ಈ ಕೆಲಸ ಹೋಗುತ್ತದೆ. ಹೋಗಲಿ. ಬೀಗದವನಿಗೆ ಹೇಗಾದರೂ ಈ ಸುದ್ದಿ ಮುಟ್ಟಿಸಿ, ಇನ್ನು ಇಪ್ಪತ್ತು ದಿನ ಎಂದು ಹೇಳಿ.

ಡಾಕ್ಟರು

*

ಜೂನ್ 4

ಡಾಕ್ಟರಮ್ಮನವರಿಗೆ,

ನಿಮ್ಮ ಕಾಗದ ನಿನ್ನೆ ಬಂತು. ಬೀಗದವನು ಅದಕ್ಕಿಂತ ಒಂದು ದಿನ ಮುಂಚೆ ಬಂದ.

ಜೂನ್ ಒಂದಕ್ಕೆ ಜೈಲಿನಲ್ಲೇ ಹೋಗಿಬಿಟ್ಟಿದ್ದಾನೆ. ಜೈಲಿನಲ್ಲಿ ಸತ್ತರೆ ಪರೀಕ್ಷೆ ಆಗಲೇಬೇಕಲ್ಲ, ಎರಡನೇ ತಾರೀಖು ನನ್ನನ್ನು ಬಾಟಲಿಗಳ ಹತ್ತಿರದಿಂದ ಕರೆದರು. ಬಟ್ಟೆ ಸರಿಸಿದರೆ ಅವನು. ಆ ಕಲ್ಲಿನ ಮೇಲೆಯೇ ಮಲಗಿಸಿದ್ದರು.

ನಾನು ಚಾಕು ತೆಗೆದುಕೊಂಡು ಮಹಡಿಗೆ ಹೋದೆ. ಹೊಸ ಡಾಕ್ಟರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಚಾಕುವನ್ನು ಅವರ ಮೇಜಿನ ಮೇಲಿಟ್ಟು, ‘ಇವತ್ತು ನೀವು ಕೆಳಗೆ ಬರದಿದ್ರೆ ನಾನು ಮುಟ್ಟಲ್ಲ’ ಎಂದೆ. ಕೆಲಸ ಬೇಡವಾ ನಿನಗೆ ಎಂದು ಕೂಗಾಡಿದರು. ಬೇಡ ಎಂದೆ. ಅಧೀಕ್ಷಕರು ಬಂದರು, ಅವರೂ ಕೂಗಾಡಿದರು. ಬೇರೆ ಯಾರೂ ಸಿಗದೆ ಮೂರು ಗಂಟೆಗೆ ಹೊಸ ಡಾಕ್ಟರು ಇಳಿದು ಬಂದರು. ನಾನು ಪಕ್ಕದಲ್ಲಿ ನಿಂತು ಎಲ್ಲಿ, ಹೇಗೆ ಎಂದು ಹೇಳಿದೆ. ಕತ್ತರಿಸಿದ್ದು ಅವರೇ, ನೋಡಿದ್ದು ಇಬ್ಬರೂ. ಎದೆಯ ಎರಡು ಕಡೆಯೂ ಕೀವು ತುಂಬಿತ್ತು. ತಿಂಗಳುಗಟ್ಟಲೆ ಔಷಧಿ ಇಲ್ಲದೆ ಬಿಟ್ಟ ಎದೆ. ಏಪ್ರಿಲ್‌ನಲ್ಲಿ ಜಾಮೀನಿನ ಮೇಲೆ ಹೊರಗೆ ಬಂದಿದ್ದರೆ ಉಳಿಯುತ್ತಿದ್ದ. ನಿಮಗೆ ನೋವಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ನನಗೂ ಆಗುತ್ತಿದೆ.

ಇನ್ನೊಂದು ಇದೆ. ಅವನಿಗೆ ಇಪ್ಪತ್ತು ವರ್ಷದ ಮಗಳೊಬ್ಬಳಿದ್ದಾಳೆ, ತಾಯಿಯ ಇಸ್ತ್ರಿ ಅಂಗಡಿಯನ್ನು ಅವಳೇ ನಡೆಸುತ್ತಾಳೆ. ಜೈಲಿನವರು ಹೇಳಿ ಕಳಿಸಿದರೆ, ಅಮ್ಮನನ್ನು ಕೊಂದವನ ಹೆಣ ನನಗೆ ಬೇಡ ಎಂದಳಂತೆ. ನಾನೇ ಹೋದೆ. ಯಾರು ಎಂದಳು, ಶವಾಗಾರದವನು ಎಂದೆ. ಮುಂದಿನ ಮಾತಿಗೆ ಬಾಗಿಲು ಹಾಕಿಕೊಂಡಳು. ತಪ್ಪು ಅವಳದ್ದಲ್ಲ. ಯಾರೂ ಬರದ ದೇಹವನ್ನು ಏಳು ದಿನ ಇಡಬಹುದು. ಆಮೇಲೆ ಪುರಸಭೆಯವರ ಗಾಡಿ ಬಂದು, ಗುರುತಿಲ್ಲದವರ ಜೊತೆ ಹಾಕಿಬಿಡುತ್ತದೆ. ಎಂಟನೇ ತಾರೀಖು ಕೊನೆ.

ಇವತ್ತು ಧೈರ್ಯ ಮಾಡಿ ಫೋನೇ ಮಾಡಿದೆ. ಯಾರು ಎಂದು ನಿಮ್ಮ ಗುಮಾಸ್ತ ಕೇಳಿದ. ಶವಾಗಾರದವನು ಎಂದೆ. ರಾಂಗ್ ನಂಬರ್ ಎಂದು ಇಟ್ಟುಬಿಟ್ಟ. ಅದಕ್ಕೆ ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಹದಿನೆಂಟಕ್ಕಲ್ಲ, ಈಗಲೇ ಬನ್ನಿ. ನ್ಯಾಯಾಲಯಕ್ಕಿಂತ ಮುಂಚೆ ಅವಳಿಗೆ ಹೇಳಬೇಕು. ಅವಳು ಬಾಗಿಲು ತೆರೆಯುವುದು ನಿಮಗೇ.

ಮೇಸ್ತ್ರಿ

*

ಜೂನ್ 11

ಮೇಸ್ತ್ರಿಗಳೇ,

ಏಳನೇ ತಾರೀಖು ಶವಾಗಾರದ ಮುಂದೆ ನಾವು ಮಾತಾಡಲಿಲ್ಲ. ಬೀಗದವನ ಮಗಳು ಜೊತೆಗಿದ್ದಳು. ನೀವು ಅವಳ ಅಪ್ಪನ ದೇಹವನ್ನು ತಂದು ಕೊಡುವಾಗ ನನ್ನನ್ನು ಒಮ್ಮೆ ನೋಡಿದಿರಿ, ಏನು ಹೇಳಿ ಇವಳನ್ನು ಒಪ್ಪಿಸಿದಿರಿ ಎಂದು ಕೇಳುವ ಹಾಗೆ. ನಾನು ಒಪ್ಪಿಸಲಿಲ್ಲ. ನಡೆದದ್ದನ್ನು ಬರೆಯುತ್ತೇನೆ, ನಿಮಗೆ ಗೊತ್ತಾಗಬೇಕು.

ಅಂಗಡಿ ಎಂದರೆ ಒಂದು ಮೇಜು, ಒಂದು ಮಂಚ, ಬಟ್ಟೆಯ ಗಂಟುಗಳು. ಮೇಲೆ ಅಟ್ಟ. ಅವಳು ಒಂದು ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ನಿನ್ನ ಅಮ್ಮನ ವರದಿ ಬರೆದ ಡಾಕ್ಟರು ಎಂದ ಕೂಡಲೇ ಇದ್ದ ಒಂದೇ ಸ್ಟೂಲನ್ನು ಒರೆಸಿ ನನಗೆ ಕೊಟ್ಟಳು, ‘ಕೂತ್ಕೊಳ್ಳಿ ಮೇಡಂ, ನಿಮ್ಮಿಂದಾನೇ ನಮ್ಮಮ್ಮನಿಗೆ ನ್ಯಾಯ ಸಿಕ್ಕಿದ್ದು’ ಎಂದಳು. ನಾನು ನಿಂತೇ ಹೇಳಿದೆ. ನೀವು ಬರೆದದ್ದು, ನಾನು ಬರೆಯದೆ ಬಿಟ್ಟದ್ದು, ನೋಡದೆ ಬರೆದದ್ದು, ಎಲ್ಲ. ನಿಮ್ಮ ಮೇಲೆ ಏನನ್ನೂ ಹಾಕಲಿಲ್ಲ, ನಿಮ್ಮದನ್ನು ಮುಚ್ಚಲೂ ಇಲ್ಲ.

ಅವಳು ಅಳಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ‘ಅಪ್ಪನ ಮಾತು ನಾನು ನಂಬಲಿಲ್ಲ. ನಿಮ್ಮ ಸಹಿ ನಂಬಿದೆ’ ಎಂದಳು. ನಾನು ಕ್ಷಮಿಸು ಎಂದು ಅನ್ನಲಿಲ್ಲ, ಅದನ್ನೂ ಅವಳ ಮೇಲೆ ಹೊರಿಸಿದಂತಾಗುತ್ತಿತ್ತು.

ಹದಿನೆಂಟನೇ ತಾರೀಖಿನ ಬಗ್ಗೆ ಹೇಳಿದೆ. ಸತ್ತವನ ಪರವಾಗಿ ಮಕ್ಕಳು ಮೇಲ್ಮನವಿ ಮುಂದುವರಿಸಬಹುದು. ವಕೀಲರ ಕಾಗದ ಕೊಟ್ಟೆ, ಓದಿ ಸಹಿ ಹಾಕಿದಳು. ಆವತ್ತು ನಾನು ನಿಂತು ಹೇಳುತ್ತೇನೆ, ನೀವೂ ಬರಬೇಕು. ಚಾಕು ಹಿಡಿದವರ ಸಾಕ್ಷಿ ಎಂದೇ ನಿಮ್ಮ ಹೆಸರು ಕೊಟ್ಟಿದ್ದೇನೆ. ನಮ್ಮಿಬ್ಬರಿಗೂ ಶಿಕ್ಷೆ ಆಗಬಹುದು. ಆಗಲಿ.

ನಾನು ಹೊರಡಲು ತಿರುಗಿದಾಗ ಮಂಚದ ಕೆಳಗಿನಿಂದ ಅವಳು ಒಂದು ಕಟ್ಟು ತೆಗೆದಳು. ಇಪ್ಪತ್ತಮೂರು ಕಾಗದ. ಅವನು ಜೈಲಿನಿಂದ ತಿಂಗಳಿಗೊಂದರಂತೆ ಬರೆದದ್ದು. ಒಂದನ್ನೂ ಒಡೆದಿರಲಿಲ್ಲ. ನನ್ನಿಂದ ಆಗಲ್ಲ, ನೀವೇ ಓದಿ ಎಂದಳು. ನನಗೂ ಆಗುತ್ತಿರಲಿಲ್ಲ, ಆದರೆ ಈ ಸಲ ನೋಡಲೇಬೇಕಿತ್ತು. ಒಂದೊಂದನ್ನೇ ಒಡೆದು ಗಟ್ಟಿಯಾಗಿ ಓದಿದೆ.

ಮೇಸ್ತ್ರಿಗಳೇ, ನಾನು ಕೊಂದಿಲ್ಲ ಎಂದು ಇಪ್ಪತ್ತಮೂರರಲ್ಲಿ ಒಂದರಲ್ಲೂ ಬರೆದಿರಲಿಲ್ಲ. ಅದನ್ನು ಮಗಳಿಗೆ ಹೇಳಬೇಕಾಗಿದೆ ಎಂದೇ ಅವನಿಗೆ ಹೊಳೆದಿರಲಿಲ್ಲ. ಅಟ್ಟ ಹತ್ತುವಾಗ ಏಣಿಯನ್ನು ಯಾರ ಕೈಲಾದರೂ ಹಿಡಿಸಿಕೋ, ಹೊತ್ತಿಗೆ ಸರಿಯಾಗಿ ಉಣ್ಣು, ಇವೇ ಮಾತು. ಕೊನೆಯದು ಮೇ ಇಪ್ಪತ್ತರದು. ಅಕ್ಷರ ಅಡ್ಡಾದಿಡ್ಡಿಯಾಗಿತ್ತು. ‘ನಿನಗೆ ಅಂಗಡಿ ಬಿಟ್ಟು ಬರಲು ಪುರುಸೊತ್ತಿಲ್ಲ ಎಂದು ನನಗೆ ಗೊತ್ತು ಮಗಳೇ, ಬರೆಯಲು ಆಗದಿದ್ದರೂ ಬೇಜಾರಿಲ್ಲ. ಇಲ್ಲಿ ಯಾರು ನಂಬದಿದ್ದರೂ ನೀನೊಬ್ಬಳು ನಂಬಿದ್ದೀಯ, ನನಗೆ ಅಷ್ಟೇ ಸಾಕು’ ಎಂದು ಬರೆದಿದ್ದ.

ಅದನ್ನೂ ಗಟ್ಟಿಯಾಗಿಯೇ ಓದಿದೆ. ಅವಳು ಅಂಗಡಿಯ ಬಾಗಿಲು ಹಾಕಿ ನನ್ನ ಜೊತೆ ಹೊರಟಳು.

ಡಾಕ್ಟರು